ಭಾರಿ ಲಾರಿಗಳ ಟೋಯಿಂಗ್ ಮತ್ತು ರಿಕವರಿ

ಭಾರಿ ಲಾರಿಗಳ ಟೋಯಿಂಗ್ ಮತ್ತು ರಿಕವರಿ ಎಂಬುದು ಕೆಟ್ಟುನಿಂತ, ಮಗುಚಿಬಿದ್ದ, ಕಂದಕಕ್ಕೆ ಉರುಳಿದ, ಕೆಸರಿನಲ್ಲಿ ಹೂತುಹೋದ ಅಥವಾ ನೀರಿನಲ್ಲಿ ಮುಳುಗಿದ ಲಾರಿ, ಟ್ರೇಲರ್, ಟ್ಯಾಂಕರ್ ಮತ್ತು ಬಸ್ಸುಗಳನ್ನು ಅಲ್ಲಿಂದ ಬಿಡಿಸಿ ಸುರಕ್ಷಿತ ಸ್ಥಳಕ್ಕೆ ಸಾಗಿಸುವ ವೃತ್ತಿಯಾಗಿದೆ. ಇದಕ್ಕೆ ವಿಂಚ್, ಬೂಮ್ ಮತ್ತು ಎತ್ತುವ ಸಾಧನಗಳನ್ನು ಹೊಂದಿದ ವಿಶೇಷ ವಾಹನಗಳನ್ನು ಬಳಸಲಾಗುತ್ತದೆ. ಹೊರನೋಟಕ್ಕೆ ಇದು ಬಲಪ್ರಯೋಗದ ಕೆಲಸವಾಗಿ ಕಂಡರೂ ವಾಸ್ತವವಾಗಿ ಇದು ತೂಕ, ಕೋನ ಮತ್ತು ಘರ್ಷಣೆಗಳನ್ನು ಅಂದಾಜು ಮಾಡುವ ಕೆಲಸ. ಆ ಅಂದಾಜನ್ನು ರಸ್ತೆಬದಿಯಲ್ಲಿ, ಅನೇಕ ಸಲ ರಾತ್ರಿಯಲ್ಲಿ ಅಥವಾ ಮಳೆಯಲ್ಲಿ, ಪಕ್ಕದಲ್ಲೇ ವೇಗವಾಗಿ ಹಾದುಹೋಗುವ ವಾಹನಗಳ ನಡುವೆ ನಿಂತು ಮಾಡಬೇಕಾಗುತ್ತದೆ. ಹೆದ್ದಾರಿಯನ್ನು ಬೇಗ ತೆರೆಯಬೇಕೆಂಬ ಒತ್ತಡ ಹಾಗೂ ತಪ್ಪು ಲೆಕ್ಕದಿಂದ ಒದಗಬಹುದಾದ ಪ್ರಾಣಾಪಾಯ, ಇವೆರಡರ ನಡುವೆ ಈ ವೃತ್ತಿ ನಡೆಯುತ್ತದೆ.

ಪದಬಳಕೆ

ಆಡುಮಾತಿನಲ್ಲಿ 'ಟೋಯಿಂಗ್' ಎಂಬ ಪದವನ್ನು ಇಡೀ ಕೆಲಸಕ್ಕೆ ಬಳಸುತ್ತಾರೆ. ವೃತ್ತಿಯಲ್ಲಿರುವವರು ಮಾತ್ರ ಎರಡು ಹಂತಗಳನ್ನು ಬೇರ್ಪಡಿಸುತ್ತಾರೆ. ಚಕ್ರಗಳ ಮೇಲೆ ನಿಂತಿರುವ, ಆದರೆ ತಾನಾಗಿ ಚಲಿಸಲಾರದ ವಾಹನವನ್ನು ಮತ್ತೊಂದು ವಾಹನದಿಂದ ಎಳೆದೊಯ್ಯುವುದು ಟೋಯಿಂಗ್. ಚಕ್ರಗಳ ಮೇಲೆ ನಿಲ್ಲದ, ಅಥವಾ ರಸ್ತೆಯಿಂದ ಹೊರಗೆ ಹೋಗಿರುವ ವಾಹನವನ್ನು ಎಳೆದೊಯ್ಯುವ ಸ್ಥಿತಿಗೆ ತರುವುದು ರಿಕವರಿ. ಮೊದಲನೆಯದಕ್ಕೆ ಒಂದು ಗಂಟೆ ಸಾಕಾದರೆ ಎರಡನೆಯದಕ್ಕೆ ಇಡೀ ದಿನವೂ ಸಾಲದಿರಬಹುದು. ಕನ್ನಡ ಪತ್ರಿಕೆಗಳು ಇವೆರಡಕ್ಕೂ ಸಾಮಾನ್ಯವಾಗಿ 'ತೆರವು ಕಾರ್ಯಾಚರಣೆ' ಎಂಬ ಪದವನ್ನು ಬಳಸುತ್ತವೆ. ಈ ಲೇಖನದಲ್ಲಿ ಬಳಕೆಯಲ್ಲಿರುವ ಆಂಗ್ಲಮೂಲದ ಪದಗಳನ್ನೇ ಉಳಿಸಿಕೊಳ್ಳಲಾಗಿದೆ.

ಇತಿಹಾಸ

ಮೋಟಾರು ವಾಹನಗಳ ಆರಂಭದ ದಿನಗಳಲ್ಲಿ ಹಳ್ಳಕ್ಕೆ ಬಿದ್ದ ಕಾರನ್ನು ಹಗ್ಗ, ಹಲಗೆ, ರಾಟೆ ಮತ್ತು ಕುದುರೆಗಳ ನೆರವಿನಿಂದ ಎತ್ತಲಾಗುತ್ತಿತ್ತು. ಅಮೆರಿಕದ ಟೆನೆಸಿ ರಾಜ್ಯದ ಚಟನೂಗಾ ನಗರದಲ್ಲಿ ಗ್ಯಾರೇಜ್ ನಡೆಸುತ್ತಿದ್ದ ಅರ್ನೆಸ್ಟ್ ಹೋಮ್ಸ್, 1916ರಲ್ಲಿ ಹಳ್ಳವೊಂದರಲ್ಲಿ ತಲೆಕೆಳಗಾಗಿ ಬಿದ್ದಿದ್ದ ಪರಿಚಿತರೊಬ್ಬರ ಫೋರ್ಡ್ ಮಾಡೆಲ್ ಟಿ ಕಾರನ್ನು ಎತ್ತಲು ಹೋದರು. ಹತ್ತಾರು ಅಡಿ ಹಗ್ಗ ಹಾಗೂ ಆರು ಮಂದಿಯ ಶ್ರಮದಿಂದ ಆ ಕೆಲಸ ಮುಗಿಯಲು ಸುಮಾರು ಎಂಟು ಗಂಟೆಗಳು ಬೇಕಾದವೆಂದು ಹೇಳಲಾಗುತ್ತದೆ. ಈ ಅನುಭವದಿಂದಲೇ ಅವರು ಹಳೆಯ ಕ್ಯಾಡಿಲಾಕ್ ಕಾರಿನ ಚಾಸಿಯ ಮೇಲೆ ಕ್ರೇನ್ ಮಾದರಿಯ ಸಾಧನವನ್ನು ಅಳವಡಿಸಿದರು. ಇದನ್ನೇ ಟೋ ಟ್ರಕ್ಕಿನ ಮೂಲವೆಂದು ಪರಿಗಣಿಸಲಾಗುತ್ತದೆ. ಈ ಕಾರಣದಿಂದ ಚಟನೂಗಾದಲ್ಲಿ 1995ರಲ್ಲಿ ಟೋಯಿಂಗ್ ವೃತ್ತಿಯ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯವು ತೆರೆಯಿತು. ಕರ್ತವ್ಯದಲ್ಲಿರುವಾಗ ಪ್ರಾಣ ಕಳೆದುಕೊಂಡ ಟೋಯಿಂಗ್ ಕೆಲಸಗಾರರ ಹೆಸರುಗಳನ್ನು ಕೆತ್ತಿದ ಸ್ಮಾರಕ ಗೋಡೆಯೂ ಅಲ್ಲಿದೆ.

ಹೋಮ್ಸ್ ಸಂಸ್ಥೆಯ ಮುಖ್ಯ ಕೊಡುಗೆ ಜೋಡಿ ಬೂಮ್. ವಾಹನದ ಹಿಂಭಾಗದಲ್ಲಿ ಎರಡು ಬೂಮ್‌ಗಳಿದ್ದು, ಪ್ರತಿಯೊಂದನ್ನೂ ಒಂದೊಂದು ಬದಿಗೆ ತಿರುಗಿಸಬಹುದಾಗಿತ್ತು. ಒಂದು ಬೂಮ್ ಬಿದ್ದ ವಾಹನವನ್ನು ಎಳೆಯುವಾಗ ಇನ್ನೊಂದರ ಹಗ್ಗವನ್ನು ಎದುರು ಬದಿಯ ಮರಕ್ಕೋ ಬಂಡೆಗೋ ಕಟ್ಟಿ, ಎಳೆಯುವ ವಾಹನವೇ ಮಗುಚದಂತೆ ತಡೆಯಲಾಗುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೈಮಂಡ್ ಟಿ 969 ಲಾರಿಯ ಮೇಲೆ ಕೂರಿಸಿದ ಹೋಮ್ಸ್ ಉಪಕರಣವನ್ನು ಅಮೆರಿಕದ ಸೈನ್ಯ ವ್ಯಾಪಕವಾಗಿ ಬಳಸಿತು. ಬ್ರಿಟಿಷ್ ಸೈನ್ಯದಲ್ಲಿ ಇದೇ ಪಾತ್ರವನ್ನು ಸ್ಕ್ಯಾಮೆಲ್ ಪಯೋನಿಯರ್ ನಿರ್ವಹಿಸಿತು. ಯುದ್ಧ ಮುಗಿದ ಮೇಲೆ ಸೇನೆಯಿಂದ ಮಾರಾಟವಾದ ಇಂತಹ ವಾಹನಗಳು ಬ್ರಿಟನ್ನಿನ ಗ್ಯಾರೇಜುಗಳನ್ನು ಸೇರಿ ದಶಕಗಳ ಕಾಲ ದುಡಿದವು. ಫಿರಂಗಿ ಎಳೆಯಲೆಂದು ತಯಾರಾಗಿದ್ದ ಎಇಸಿ ಮ್ಯಾಟಡಾರ್ ಅವುಗಳಲ್ಲಿ ಹೆಸರಾಂತದ್ದು. ಮುಂದೆ ಹೈಡ್ರಾಲಿಕ್ ತಂತ್ರಜ್ಞಾನ ಬಂದಂತೆ ಸರಪಳಿಯಲ್ಲಿ ತೂಗುಹಾಕಿ ಎಳೆಯುವ ಪದ್ಧತಿ ಹಿಂದೆ ಸರಿದು, ವಾಹನದ ಅಡಿಯಿಂದ ಎತ್ತುವ ಪದ್ಧತಿ ರೂಢಿಗೆ ಬಂತು.

ವಾಹನಗಳು ಮತ್ತು ಉಪಕರಣಗಳು

ಇಂದಿನ ಭಾರಿ ರಿಕವರಿ ವಾಹನದಲ್ಲಿ ಮೂರು ಭಾಗಗಳು ಮುಖ್ಯ. ಮೊದಲನೆಯದು ಅಂಡರ್‌ಲಿಫ್ಟ್. ಇದು ಹಿಂಭಾಗದಿಂದ ನೆಲಮಟ್ಟದಲ್ಲಿ ಚಾಚುವ ಉಕ್ಕಿನ ತೋಳು. ಕೆಟ್ಟ ಲಾರಿಯ ಮುಂದಿನ ಆಕ್ಸಲ್ ಅಥವಾ ಚಾಸಿಯ ಅಡಿಗೆ ಇದನ್ನು ತೂರಿಸಿ, ಸೂಕ್ತವಾದ ಕವಲು ಜೋಡಿಸಿ ಎತ್ತಲಾಗುತ್ತದೆ. ಎರಡನೆಯದು ಎತ್ತರಕ್ಕೆ ಚಾಚುವ ಬೂಮ್. ಮೂರನೆಯದು ಉಕ್ಕಿನ ಹಗ್ಗ ಸುತ್ತಿದ ವಿಂಚ್‌ಗಳು. ಬೂಮ್ ಸುತ್ತಲೂ ತಿರುಗಬಲ್ಲದಾದರೆ ಅಂತಹ ವಾಹನವನ್ನು ರೊಟೇಟರ್ ಎನ್ನುತ್ತಾರೆ. ರಸ್ತೆಯ ಒಂದೇ ಪಥದಲ್ಲಿ ನಿಂತು ಪಕ್ಕದ ಇಳಿಜಾರಿನಿಂದ ಲಾರಿಯನ್ನು ಎತ್ತಿ ರಸ್ತೆಗೆ ತರುವುದು ರೊಟೇಟರ್‌ಗೆ ಸಾಧ್ಯ. ಸ್ಥಿರ ಬೂಮ್ ಇರುವ ವಾಹನವಾದರೆ ರಸ್ತೆಗೆ ಅಡ್ಡಲಾಗಿ ನಿಲ್ಲಬೇಕಾಗಿ ಸಂಚಾರ ಪೂರ್ತಿ ನಿಲ್ಲುತ್ತದೆ. 50 ರಿಂದ 75 ಟನ್ ಸಾಮರ್ಥ್ಯದ ರೊಟೇಟರ್‌ಗಳು ಉತ್ತರ ಅಮೆರಿಕದಲ್ಲಿ ಸಾಮಾನ್ಯ. ಆದರೆ ಈ ಸಂಖ್ಯೆ ಬೂಮ್ ಕುಗ್ಗಿ ಹೆಚ್ಚುಕಡಿಮೆ ನೇರವಾಗಿ ನಿಂತಾಗಿನ ಸಾಮರ್ಥ್ಯ ಮಾತ್ರ. ಬೂಮ್ ಉದ್ದವಾಗಿ ಚಾಚಿದಂತೆ ಎತ್ತಬಹುದಾದ ಭಾರ ತೀವ್ರವಾಗಿ ಇಳಿಯುತ್ತದೆ. ಮಾರಾಟದ ಕರಪತ್ರದಲ್ಲಿನ ದೊಡ್ಡ ಸಂಖ್ಯೆಯನ್ನಷ್ಟೇ ನಂಬಿ ಕೊಂಡವರು ಮೊದಲ ಕಂದಕದ ಅಂಚಿನಲ್ಲೇ ನಿರಾಶರಾಗುವುದುಂಟು.

ಚಿಕ್ಕ ಉಪಕರಣಗಳ ಪಟ್ಟಿ ಉದ್ದವಿದೆ. ಸ್ನ್ಯಾಚ್ ಬ್ಲಾಕ್ ಎಂಬ ತೆರೆಯಬಹುದಾದ ರಾಟೆ, ಶ್ಯಾಕಲ್, ಅಗಲವಾದ ನೈಲಾನ್ ಅಥವಾ ಪಾಲಿಯೆಸ್ಟರ್ ಪಟ್ಟಿ, ಸರಪಳಿ, ಮರದ ದಿಮ್ಮಿಗಳು ಇವುಗಳಲ್ಲಿ ಕೆಲವು. ಸರಪಳಿಗಳಲ್ಲಿ ದರ್ಜೆಗಳಿರುವುದನ್ನು ಹೊಸಬರು ಗಮನಿಸುವುದಿಲ್ಲ. ಹಳದಿ ಲೇಪನದ 70ನೇ ದರ್ಜೆಯ ಸರಪಳಿ ಸರಕನ್ನು ಲಾರಿಗೆ ಬಿಗಿಯಲು ತಯಾರಾದದ್ದು. ಭಾರವನ್ನು ನೇತುಹಾಕಿ ಎತ್ತಲು 80 ಅಥವಾ 100ನೇ ದರ್ಜೆಯದೇ ಬೇಕು. ಎತ್ತುವ ಸರಪಳಿಯ ಮೇಲೆ ನಮೂದಿಸಿದ ಕೆಲಸದ ಭಾರಮಿತಿಯು ಅದು ತುಂಡಾಗುವ ಬಲದ ನಾಲ್ಕನೇ ಒಂದು ಭಾಗದಷ್ಟಿರುತ್ತದೆ. ಉಳಿದ ಮೂರು ಭಾಗ 'ಬಳಸಲು ಉಳಿದಿರುವ ಶಕ್ತಿ' ಅಲ್ಲ. ಜಗ್ಗಾಟ, ಸವೆತ, ಗಂಟು, ಚಳಿ ಮತ್ತು ತಪ್ಪು ಅಂದಾಜುಗಳಿಗಾಗಿ ಅದನ್ನು ಮೀಸಲಿಟ್ಟಿರಲಾಗುತ್ತದೆ.

ಬಲದ ಲೆಕ್ಕಾಚಾರ

ಸ್ಥಳಕ್ಕೆ ಬಂದ ಅನುಭವಿ ಕೆಲಸಗಾರ ಕೂಡಲೇ ಹಗ್ಗ ಬಿಚ್ಚುವುದಿಲ್ಲ. ಬಿದ್ದ ವಾಹನದ ಸುತ್ತ ಒಮ್ಮೆ ನಡೆದು, ಅದರ ತೂಕವೆಷ್ಟು, ಅದನ್ನು ಏನು ಹಿಡಿದಿಟ್ಟಿದೆ, ಯಾವ ದಿಕ್ಕಿಗೆ ಹೊರಳಬಹುದು ಎಂಬುದನ್ನು ನೋಡುತ್ತಾನೆ. ಅಮೆರಿಕದ ಸೈನ್ಯದ ರಿಕವರಿ ಕೈಪಿಡಿಗಳಲ್ಲಿ ಬಳಸುವ ಅಂದಾಜಿನ ಸೂತ್ರಗಳು ಈಗ ನಾಗರಿಕ ತರಬೇತಿಯಲ್ಲಿಯೂ ಬಳಕೆಯಲ್ಲಿವೆ. ಅವುಗಳ ಪ್ರಕಾರ ಚಕ್ರದ ಮಟ್ಟಕ್ಕೆ ಕೆಸರಿನಲ್ಲಿ ಹೂತ ವಾಹನವನ್ನು ಎಳೆಯಲು ಅದರ ತೂಕದಷ್ಟೇ ಬಲ ಬೇಕು. ಮಡ್‌ಗಾರ್ಡ್ ಮಟ್ಟಕ್ಕೆ ಹೂತಿದ್ದರೆ ತೂಕದ ಎರಡು ಪಟ್ಟು, ಕ್ಯಾಬಿನ್ ಮಟ್ಟಕ್ಕೆ ಹೂತಿದ್ದರೆ ಮೂರು ಪಟ್ಟು ಬಲ ಬೇಕಾಗುತ್ತದೆ. ಏರಿನಲ್ಲಿ ಎಳೆಯುವಾಗ ಇಳಿಜಾರಿನ ಪ್ರತಿ ಡಿಗ್ರಿಗೆ ತೂಕದ ಅರವತ್ತನೇ ಒಂದು ಭಾಗ ಸೇರುತ್ತದೆ. ಮಗುಚಿದ ವಾಹನವನ್ನು ಎಬ್ಬಿಸಲು ತೂಕದ ಅರ್ಧದಷ್ಟು ಬಲ ಸಾಕೆಂದು ಹಿಡಿಯುತ್ತಾರೆ.

ಉದಾಹರಣೆಗೆ, ಸರಕು ಸೇರಿ 20 ಟನ್ ತೂಗುವ ಲಾರಿ ರಸ್ತೆಯಿಂದ ಜಾರಿ, 15 ಡಿಗ್ರಿ ಇಳಿಜಾರಿನಲ್ಲಿ ಚಕ್ರದ ಮಟ್ಟಕ್ಕೆ ಹೂತಿದೆಯೆಂದು ಭಾವಿಸೋಣ. ಕೆಸರಿನ ಪ್ರತಿರೋಧ 20 ಟನ್, ಇಳಿಜಾರಿನದು 5 ಟನ್, ಒಟ್ಟು 25 ಟನ್. ವಿಂಚ್‌ನ ಸಾಮರ್ಥ್ಯ ಕೇವಲ 10 ಟನ್. ಆಗ ಹಗ್ಗವನ್ನು ಎರಡು ರಾಟೆಗಳ ಮೂಲಕ ಹಾಯಿಸಿ ಮೂರು ಎಳೆಗಳು ಭಾರ ಹೊರುವಂತೆ ಮಾಡಬೇಕು. ಪ್ರತಿ ರಾಟೆಯ ಘರ್ಷಣೆಗೆ ಭಾರದ ಶೇಕಡ 10ರಷ್ಟನ್ನು ಸೇರಿಸಿದರೆ ಒಟ್ಟು 30 ಟನ್ ಆಗುತ್ತದೆ. ಅದನ್ನು ಮೂರು ಎಳೆಗಳಿಗೆ ಹಂಚಿದರೆ ವಿಂಚ್‌ನ ಮೇಲೆ ಬೀಳುವುದು ಸರಿಯಾಗಿ 10 ಟನ್. ಕಾಗದದ ಮೇಲೆ ಇದು ಸಾಧ್ಯ. ಆದರೆ ವಿಂಚ್‌ನ ಘೋಷಿತ ಸಾಮರ್ಥ್ಯವು ಡ್ರಮ್ಮಿನ ಮೇಲಿನ ಮೊದಲ ಸುತ್ತಿನ ಹಗ್ಗಕ್ಕೆ ಮಾತ್ರ ಅನ್ವಯಿಸುತ್ತದೆ. ಹಗ್ಗ ಪದರಪದರವಾಗಿ ಸುತ್ತಿಕೊಂಡಂತೆ ಡ್ರಮ್ಮಿನ ವ್ಯಾಸ ಹೆಚ್ಚಿ ಎಳೆಯುವ ಬಲ ಕಡಿಮೆಯಾಗುತ್ತದೆ. ಹೀಗಾಗಿ ಇಂತಹ ಸಂದರ್ಭದಲ್ಲಿ ಮತ್ತೊಂದು ರಾಟೆ ಸೇರಿಸುವುದು, ಇಲ್ಲವೇ ಮೊದಲು ಚಕ್ರಗಳ ಮುಂದಿನ ಮಣ್ಣನ್ನು ಅಗೆಯುವುದು ವಿವೇಕದ ದಾರಿ. ಅರ್ಧ ಗಂಟೆ ಸಲಿಕೆ ಹಿಡಿದರೆ ಹಲವು ಟನ್ ಬಲ ಉಳಿಯುತ್ತದೆ. ವೃತ್ತಿಯ ಅತ್ಯಂತ ಅಗ್ಗದ ಉಪಕರಣ ಸಲಿಕೆಯೇ ಆದರೂ ಅದು ಹೊರಬರುವುದು ಮಾತ್ರ ಅನೇಕ ಸಲ ಹಗ್ಗ ತುಂಡಾದ ಮೇಲೆ.

ರಾಟೆಯಿಂದ ಸಿಗುವ ಲಾಭಕ್ಕೆ ಬೆಲೆಯೂ ಇದೆ. ಹಗ್ಗವು ರಾಟೆಯನ್ನು ಸುತ್ತಿ ಹಿಂದಕ್ಕೆ ಸಮಾನಾಂತರವಾಗಿ ಬಂದಾಗ ಆ ರಾಟೆಯನ್ನು ಕಟ್ಟಿದ ಸ್ಥಳದ ಮೇಲೆ ಹಗ್ಗದಲ್ಲಿನ ಬಲದ ಎರಡು ಪಟ್ಟು ಭಾರ ಬೀಳುತ್ತದೆ. ವಿಂಚ್ 10 ಟನ್ ಎಳೆದರೆ ರಾಟೆ, ಅದರ ಶ್ಯಾಕಲ್ ಮತ್ತು ಅದನ್ನು ಕಟ್ಟಿದ ಮರ 20 ಟನ್ ತಾಳಿಕೊಳ್ಳಬೇಕು. ಹಾಗೆಯೇ ಒಂದು ಭಾರವನ್ನು ಎರಡು ಪಟ್ಟಿಗಳಿಂದ ಎತ್ತುವಾಗ ಅವುಗಳ ನಡುವಿನ ಕೋನ ಹೆಚ್ಚಿದಷ್ಟೂ ಪ್ರತಿ ಪಟ್ಟಿಯ ಮೇಲಿನ ಬಲ ಹೆಚ್ಚುತ್ತದೆ. ಎರಡೂ ಪಟ್ಟಿಗಳು ನೇರವಾಗಿ ಇಳಿದಿದ್ದರೆ ಭಾರ ಅರ್ಧರ್ಧ ಹಂಚಿಕೆಯಾಗುತ್ತದೆ. ಕೋನ 120 ಡಿಗ್ರಿಯಾದರೆ ಒಂದೊಂದು ಪಟ್ಟಿಯೂ ಪೂರ್ತಿ ಭಾರವನ್ನು ಹೊರುತ್ತದೆ. ಎರಡು ಪಟ್ಟಿ ಕಟ್ಟಿರುವುದರಿಂದ ಎರಡು ಪಟ್ಟು ಭದ್ರವೆಂಬ ನಂಬಿಕೆ ಇಲ್ಲಿ ಹುಸಿಯಾಗುತ್ತದೆ.

ಬಿಗಿದ ಉಕ್ಕಿನ ಹಗ್ಗ ತುಂಡಾದಾಗ ಅದರಲ್ಲಿ ಸಂಗ್ರಹವಾಗಿದ್ದ ಶಕ್ತಿ ಚಾಟಿಯಂತೆ ಹಿಂದಿರುಗುತ್ತದೆ. ಆದ್ದರಿಂದ ಹಗ್ಗದ ಸಾಲಿನಲ್ಲಿಯೂ, ರಾಟೆಯಲ್ಲಿ ತಿರುಗಿದ ಹಗ್ಗ ಮಾಡುವ ಕೋನದ ಒಳಗೂ ಯಾರೂ ನಿಲ್ಲಬಾರದು. ನೋಡಲು ಸೇರುವ ಜನರನ್ನು ಹಗ್ಗದ ಉದ್ದಕ್ಕಿಂತ ದೂರ ಸರಿಸುವುದು ಕೆಲಸದ ಭಾಗವೇ ಆಗಿದೆ.

ಮಗುಚಿದ ಲಾರಿಯನ್ನು ಎಬ್ಬಿಸುವುದು

ಪಕ್ಕಕ್ಕೆ ಮಲಗಿದ ಲಾರಿಯನ್ನು ಎಬ್ಬಿಸುವಾಗ ಆರಂಭದ ಎಳೆತಕ್ಕಿಂತ ಕೊನೆಯ ಕ್ಷಣಗಳೇ ಹೆಚ್ಚು ಅಪಾಯಕರ. ಗುರುತ್ವ ಕೇಂದ್ರವು ನೆಲದ ಮೇಲಿರುವ ಚಕ್ರಗಳ ಸಾಲನ್ನು ದಾಟಿದೊಡನೆ ವಾಹನವು ತನ್ನದೇ ಭಾರದಿಂದ ಎದುರು ದಿಕ್ಕಿಗೆ ಬೀಳುತ್ತದೆ. ತಡೆಯುವ ಹಗ್ಗವಿಲ್ಲದಿದ್ದರೆ ಸ್ಪ್ರಿಂಗುಗಳು ಮುರಿಯಬಹುದು, ಇಲ್ಲವೇ ಲಾರಿ ಮತ್ತೊಂದು ಬದಿಗೆ ಮಗುಚಬಹುದು. ಇದಕ್ಕಾಗಿ ಒಂದು ವಿಂಚ್ ಎಳೆಯುತ್ತಿರುವಾಗ ವಿರುದ್ಧ ಬದಿಯಿಂದ ಮತ್ತೊಂದು ವಿಂಚ್ ಹಗ್ಗವನ್ನು ನಿಧಾನವಾಗಿ ಸಡಿಲಿಸುತ್ತ ಹಿಡಿದಿರುತ್ತದೆ. ಬಲವು ಒಂದೇ ಬಿಂದುವಿನ ಮೇಲೆ ಬೀಳದಂತೆ ಅಗಲವಾದ ಪಟ್ಟಿಗಳನ್ನು ಚಾಸಿ ಮತ್ತು ಆಕ್ಸಲ್‌ಗಳಿಗೆ ಸುತ್ತಲಾಗುತ್ತದೆ.

ತೆಳುವಾದ ಗೋಡೆಗಳ ಪೆಟ್ಟಿಗೆಯಾಕಾರದ ಟ್ರೇಲರ್‌ಗಳು ಈ ವಿಧಾನವನ್ನು ತಾಳುವುದಿಲ್ಲ. ಒಳಗಿನ ಸರಕು ಒಂದು ಗೋಡೆಗೆ ಒತ್ತಿಕೊಂಡಿರುವುದರಿಂದ ಎಳೆದೊಡನೆ ಮೇಲ್ಛಾವಣಿ ಹರಿದುಹೋಗುತ್ತದೆ. ಅಲ್ಲಿ ಕಡಿಮೆ ಒತ್ತಡದ ದೊಡ್ಡ ಗಾಳಿಚೀಲಗಳನ್ನು ಟ್ರೇಲರ್‌ನ ಅಡಿಗೆ ಸಾಲಾಗಿ ತೂರಿಸಿ, ಒಂದೇ ಸಮನೆ ಗಾಳಿ ತುಂಬಿ, ಇಡೀ ಉದ್ದಕ್ಕೂ ಸಮವಾಗಿ ಮೇಲೆತ್ತಲಾಗುತ್ತದೆ. ಇನ್ನೊಂದು ದಾರಿಯೆಂದರೆ ಸರಕನ್ನು ಮೊದಲೇ ಇಳಿಸುವುದು. ಇದು ನಿಧಾನದ ಕೆಲಸವಾದರೂ ಸರಕಿನ ಮಾಲೀಕನಿಗೂ ವಿಮಾ ಕಂಪನಿಗೂ ಕಡಿಮೆ ನಷ್ಟದ್ದು. ಹೆದ್ದಾರಿ ಪೊಲೀಸರಿಗೆ ರಸ್ತೆ ತೆರೆಯಬೇಕು, ಮಾಲೀಕನಿಗೆ ಸರಕು ಉಳಿಯಬೇಕು. ಈ ಎರಡು ಬೇಡಿಕೆಗಳಲ್ಲಿ ಯಾವುದಕ್ಕೆ ಮೊದಲ ಸ್ಥಾನವೆಂಬ ವಾದ ಪ್ರತಿ ದೊಡ್ಡ ಅಪಘಾತದ ಸ್ಥಳದಲ್ಲೂ ನಡೆಯುತ್ತದೆ.

ನೀರಿನಿಂದ ಎತ್ತುವಾಗ ಮತ್ತೊಂದು ಸಮಸ್ಯೆ ಎದುರಾಗುತ್ತದೆ. ಮುಳುಗಿರುವವರೆಗೆ ನೀರಿನ ಎತ್ತುಬಲ ನೆರವಾಗುತ್ತದೆ. ಮೇಲ್ಮೈ ದಾಟಿದೊಡನೆ ಆ ನೆರವು ತಪ್ಪಿ, ಕ್ಯಾಬಿನ್ ಮತ್ತು ಸರಕಿನ ಪೆಟ್ಟಿಗೆಯಲ್ಲಿ ತುಂಬಿದ ನೀರು ಹಾಗೂ ಹೂಳಿನ ತೂಕ ಪೂರ್ತಿಯಾಗಿ ಹಗ್ಗದ ಮೇಲೆ ಬೀಳುತ್ತದೆ. ಆದ್ದರಿಂದ ಅಲ್ಲಲ್ಲಿ ನಿಲ್ಲಿಸಿ ನೀರು ಬಸಿಯಲು ಬಿಟ್ಟು ಎತ್ತಬೇಕಾಗುತ್ತದೆ.

ಎಳೆದೊಯ್ಯುವ ಮುನ್ನ

ಚಕ್ರಗಳ ಮೇಲೆ ನಿಂತ ಲಾರಿಯನ್ನು ಹಾಗೆಯೇ ಎಳೆದೊಯ್ಯಲಾಗದು. ಭಾರಿ ವಾಹನಗಳ ಪಾರ್ಕಿಂಗ್ ಬ್ರೇಕನ್ನು ಬಲವಾದ ಸ್ಪ್ರಿಂಗುಗಳು ಹಿಡಿದಿರುತ್ತವೆ ಮತ್ತು ಗಾಳಿಯ ಒತ್ತಡ ಅದನ್ನು ಬಿಡಿಸುತ್ತದೆ. ಎಂಜಿನ್ ನಿಂತು ಗಾಳಿ ಸೋರಿಹೋದರೆ ಚಕ್ರಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಟೋ ವಾಹನದಿಂದ ನಳಿಕೆಯ ಮೂಲಕ ಗಾಳಿ ಕೊಟ್ಟು, ಅದು ಸಾಧ್ಯವಾಗದಿದ್ದಲ್ಲಿ ಬ್ರೇಕ್ ಚೇಂಬರಿನ ಸ್ಪ್ರಿಂಗನ್ನು ಬೋಲ್ಟಿನಿಂದ ಹಿಂದಕ್ಕೆಳೆದು ಬಿಡಿಸಲಾಗುತ್ತದೆ. ಬ್ರೇಕ್ ಬಿಡುವ ಮೊದಲು ಚಕ್ರಗಳಿಗೆ ತಡೆಗಲ್ಲು ಇಡದೆ ವಾಹನದ ಅಡಿಗೆ ಹೋದವರು ಅದೇ ವಾಹನದಡಿ ಸಿಲುಕಿದ ಪ್ರಸಂಗಗಳಿವೆ.

ಇದರ ನಂತರ ಪ್ರೊಪೆಲ್ಲರ್ ಶಾಫ್ಟನ್ನು ಅಥವಾ ಹಿಂಬದಿಯ ಆಕ್ಸಲ್ ಶಾಫ್ಟುಗಳನ್ನು ಕಳಚಲಾಗುತ್ತದೆ. ಎಂಜಿನ್ ನಿಂತಿರುವಾಗ ಗೇರ್‌ಬಾಕ್ಸಿನಲ್ಲಿ ಎಣ್ಣೆ ಪರಿಚಲನೆಯಾಗುವುದಿಲ್ಲ. ಚಕ್ರಗಳು ಮಾತ್ರ ತಿರುಗುತ್ತಿದ್ದರೆ ಒಳಗಿನ ಭಾಗಗಳು ಒಣಗಿ ಸುಟ್ಟುಹೋಗುತ್ತವೆ.

ಎತ್ತಿದ ಭಾರವು ಎಳೆಯುವ ವಾಹನದ ಮೇಲೂ ಪರಿಣಾಮ ಬೀರುತ್ತದೆ. ಹಿಂದಿನ ಆಕ್ಸಲ್‌ನ ಆಚೆಗೆ ತೂಗುವ ಭಾರವು ಏತದಂತೆ ವರ್ತಿಸಿ ಮುಂದಿನ ಚಕ್ರಗಳನ್ನು ಹಗುರಗೊಳಿಸುತ್ತದೆ. ಹಿಂದಿನ ಆಕ್ಸಲ್‌ನಿಂದ 3 ಮೀಟರ್ ಹಿಂದೆ 5 ಟನ್ ಎತ್ತಿದಾಗ, ಚಕ್ರಾಂತರ 6 ಮೀಟರ್ ಇರುವ ವಾಹನದ ಮುಂದಿನ ಆಕ್ಸಲ್‌ನಿಂದ ಎರಡೂವರೆ ಟನ್ ಕಡಿಮೆಯಾಗುತ್ತದೆ. ಮೊದಲು ಅಲ್ಲಿ 6 ಟನ್ ಇದ್ದರೆ ಉಳಿಯುವುದು ಮೂರೂವರೆ ಟನ್. ಮುಂದಿನ ಆಕ್ಸಲ್‌ನ ಮೂಲ ತೂಕದ ಅರ್ಧದಷ್ಟಾದರೂ ಉಳಿದಿರಬೇಕೆಂಬುದು ಅಮೆರಿಕದ ವೃತ್ತಿಪರರು ಪಾಲಿಸುವ ನಿಯಮ. ಅದಕ್ಕಿಂತ ಕಡಿಮೆಯಾದರೆ ಸ್ಟಿಯರಿಂಗ್ ತಿರುಗಿದರೂ ವಾಹನ ತಿರುಗುವುದಿಲ್ಲ. ಈ ದೋಷ ನಿಂತಲ್ಲಿ ಕಾಣಿಸದೆ, ಮೊದಲ ಒದ್ದೆ ತಿರುವಿನಲ್ಲಿ ಕಾಣಿಸಿಕೊಳ್ಳುತ್ತದೆ.

ಅಪಾಯಕಾರಿ ಸರಕು

ದ್ರವ ತುಂಬಿದ ಟ್ಯಾಂಕರ್ ಎತ್ತುವಾಗ ಒಳಗಿನ ದ್ರವ ಹರಿದು ಗುರುತ್ವ ಕೇಂದ್ರ ಸ್ಥಾನ ಬದಲಿಸುತ್ತಿರುತ್ತದೆ. ಅರ್ಧ ತುಂಬಿದ ಟ್ಯಾಂಕರ್ ಪೂರ್ತಿ ತುಂಬಿದ್ದಕ್ಕಿಂತ ಚಂಚಲ. ಅಡುಗೆ ಅನಿಲದ ಟ್ಯಾಂಕರಾದರೆ ಸೋರಿಕೆಯೇ ಮುಖ್ಯ ಭಯ. ಈ ಅನಿಲವು ಗಾಳಿಗಿಂತ ಭಾರವಾದ್ದರಿಂದ ಚದುರಿ ಮೇಲೇರದೆ ಚರಂಡಿ, ತಗ್ಗು ಮತ್ತು ಮನೆಗಳೊಳಗೆ ಹರಿಯುತ್ತದೆ. ಒಂದು ಕಿಡಿ ಸಾಕು. 2012ರ ಆಗಸ್ಟ್ 27ರಂದು ಕೇರಳದ ಕಣ್ಣೂರಿನ ಬಳಿಯ ಚಾಲದಲ್ಲಿ ಮತ್ತು 2013ರ ಏಪ್ರಿಲ್ 9ರಂದು ದಕ್ಷಿಣ ಕನ್ನಡ ಜಿಲ್ಲೆಯ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಮಗುಚಿದ ಅನಿಲ ಟ್ಯಾಂಕರ್‌ಗಳು ಹೊತ್ತಿ ಉರಿದು, ರಸ್ತೆಬದಿಯ ಮನೆಗಳಲ್ಲಿದ್ದವರು ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು.

ಹೀಗಾಗಿ ಅನಿಲ ಟ್ಯಾಂಕರ್ ಮಗುಚಿದಾಗ ಮೊದಲು ಬರಬೇಕಾದದ್ದು ಅಗ್ನಿಶಾಮಕ ದಳ ಮತ್ತು ತೈಲ ಕಂಪನಿಯ ತುರ್ತು ತಂಡ. ಕ್ರೇನ್ ಬರುವುದು ಆ ಮೇಲೆ. ಸುತ್ತಲಿನ ಜನರನ್ನು ತೆರವುಗೊಳಿಸಿ, ವಿದ್ಯುತ್ ಕಡಿತ ಮಾಡಿ, ಅನಿಲವನ್ನು ಬೇರೆ ಟ್ಯಾಂಕರ್‌ಗೆ ವರ್ಗಾಯಿಸಿದ ನಂತರ ಎತ್ತುವುದು ಸುರಕ್ಷಿತ ಕ್ರಮ. ಇದಕ್ಕೆ ಹಲವು ಗಂಟೆಗಳು ಹಿಡಿಯುವುದರಿಂದ ಹೆದ್ದಾರಿ ಇಡೀ ದಿನ ಮುಚ್ಚಿರುತ್ತದೆ. ಪ್ರಯಾಣಿಕರ ಅಸಮಾಧಾನ ಸಹಜವಾದರೂ ಇಲ್ಲಿ ಅವಸರಕ್ಕೆ ಎಡೆಯಿಲ್ಲ. ಭಾರತದಲ್ಲಿ ಅಪಾಯಕಾರಿ ಸರಕಿನ ವಾಹನಗಳು ಸರಕಿನ ಹೆಸರು, ವಿಶ್ವಸಂಸ್ಥೆಯ ಗುರುತು ಸಂಖ್ಯೆ ಮತ್ತು ತುರ್ತು ದೂರವಾಣಿ ಸಂಖ್ಯೆಯುಳ್ಳ ಫಲಕವನ್ನು ಹೊಂದಿರುವುದು ಕಡ್ಡಾಯ. ಅದನ್ನು ಓದದೆ ಹತ್ತಿರ ಹೋಗಬಾರದು. ಅಡುಗೆ ಅನಿಲ ಸೋರಿಕೆಗೆ 1906 ತುರ್ತು ಸಹಾಯವಾಣಿಯಾಗಿದೆ.

ಕೆಲಸಗಾರರ ಸುರಕ್ಷತೆ

ಈ ವೃತ್ತಿಯಲ್ಲಿ ಹಗ್ಗ, ಸರಪಳಿ ಮತ್ತು ತೂಕಗಳಷ್ಟೇ ಭಯ ಹುಟ್ಟಿಸುವುದು ಪಕ್ಕದಲ್ಲಿ ಹಾದುಹೋಗುವ ವಾಹನಗಳು. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆಯಾದ ನಿಯೋಶ್ ನಡೆಸಿದ ಅಧ್ಯಯನದ ಪ್ರಕಾರ 2011ರಿಂದ 2016ರವರೆಗೆ ಆ ದೇಶದ ಟೋಯಿಂಗ್ ಉದ್ಯಮದಲ್ಲಿ 191 ಮಂದಿ ಕೆಲಸದಲ್ಲಿದ್ದಾಗ ಮೃತಪಟ್ಟರು. ಪೂರ್ಣಾವಧಿಯ ಪ್ರತಿ ಒಂದು ಲಕ್ಷ ಕೆಲಸಗಾರರಿಗೆ ಇದು ವರ್ಷಕ್ಕೆ ಸುಮಾರು 43 ಸಾವುಗಳಷ್ಟಾಗುತ್ತದೆ. ಖಾಸಗಿ ಉದ್ಯಮಗಳ ಒಟ್ಟು ಸರಾಸರಿ 2.9 ಮಾತ್ರ. ರಸ್ತೆಬದಿಯಲ್ಲಿ ಬಾಗಿ ಸರಪಳಿ ಬಿಗಿಯುತ್ತಿರುವವನಿಗೆ ಹಿಂದಿನಿಂದ ಬರುವ ವಾಹನ ಕಾಣಿಸುವುದಿಲ್ಲ. ತಾನೇ ಹೊತ್ತಿಸಿದ ದೀಪಗಳ ಪ್ರಖರತೆಯಲ್ಲಿ ಅವನು ಚಾಲಕನಿಗೂ ಕಾಣಿಸದಿರಬಹುದು.

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯವು 1996ರಲ್ಲಿ ತುರ್ತು ವಾಹನ ನಿಂತಿರುವ ಕಡೆ ಪಥ ಬದಲಿಸಬೇಕು, ಇಲ್ಲವೇ ವೇಗ ತಗ್ಗಿಸಬೇಕು ಎಂಬ ಕಾನೂನನ್ನು ತಂದಿತು. 2012ರ ವೇಳೆಗೆ 50 ರಾಜ್ಯಗಳಲ್ಲಿಯೂ ಇಂತಹ ಕಾನೂನು ಜಾರಿಗೆ ಬಂತು. ಪೊಲೀಸ್ ಮತ್ತು ಆಂಬ್ಯುಲೆನ್ಸ್ ಸಿಬ್ಬಂದಿಗೆ ದೊರೆತ ಈ ರಕ್ಷಣೆಯನ್ನು ಟೋ ಕೆಲಸಗಾರರಿಗೂ ವಿಸ್ತರಿಸಲು ಹಲವು ರಾಜ್ಯಗಳಲ್ಲಿ ಪ್ರತ್ಯೇಕ ತಿದ್ದುಪಡಿ ಬೇಕಾಯಿತು. ಸಮಾಜವು ಈ ಕೆಲಸಗಾರರನ್ನು ರಕ್ಷಣಾ ಸಿಬ್ಬಂದಿಯೆಂದು ಬೇಗ ಗುರುತಿಸಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ವೃತ್ತಿ ಮತ್ತು ತರಬೇತಿ

ರಿಕವರಿ ಕೆಲಸಕ್ಕೆ ಭಾರಿ ವಾಹನ ಚಾಲನಾ ಪರವಾನಗಿ ಮೊದಲ ಅಗತ್ಯ. ಉಳಿದದ್ದನ್ನು ಬಹುಪಾಲು ಜನ ಹಿರಿಯರ ಜೊತೆಗಿದ್ದು ಕಲಿಯುತ್ತಾರೆ. ಉತ್ತರ ಅಮೆರಿಕದಲ್ಲಿ ರೆಕ್‌ಮಾಸ್ಟರ್‌ನಂತಹ ಸಂಸ್ಥೆಗಳು ಹಂತಹಂತದ ತರಬೇತಿ ನೀಡುತ್ತವೆ. ಬ್ರಿಟನ್ನಿನಲ್ಲಿ ರಸ್ತೆಬದಿ ನೆರವಿನ ಸುರಕ್ಷಿತ ಕಾರ್ಯವಿಧಾನಗಳನ್ನು ಪಿಎಎಸ್ 43 ಎಂಬ ನಿರ್ದಿಷ್ಟತೆ ವಿವರಿಸುತ್ತದೆ. ಕರೆ ಯಾವ ಹೊತ್ತಿನಲ್ಲಾದರೂ ಬರುವುದರಿಂದ ನಿದ್ರೆಯ ಕೊರತೆ ಈ ವೃತ್ತಿಯ ನಿತ್ಯದ ತೊಂದರೆ. ಅಪಘಾತದ ಸ್ಥಳದಲ್ಲಿ ಮೃತದೇಹಗಳನ್ನು ನೋಡಬೇಕಾಗುವುದು, ನಜ್ಜುಗುಜ್ಜಾದ ಕ್ಯಾಬಿನ್ನಿನಿಂದ ಚಾಲಕನನ್ನು ಬಿಡಿಸಲು ನೆರವಾಗಬೇಕಾಗುವುದು ಸಹ ಇದರ ಭಾಗ. ಶುಲ್ಕದ ವಿಚಾರದಲ್ಲಿ ಜಗಳ ಸಾಮಾನ್ಯ. ಗಂಟೆಗಳ ಲೆಕ್ಕದಲ್ಲಿ ದೊಡ್ಡ ಯಂತ್ರಗಳು ದುಡಿದಾಗ ಬಿಲ್ ದೊಡ್ಡದಾಗುವುದು ನಿಜ. ಸ್ಥಳದಲ್ಲಿ ಚೌಕಾಸಿ ಮಾಡಲಾಗದ ಮಾಲೀಕನ ಅಸಹಾಯಕತೆಯನ್ನು ಬಳಸಿಕೊಳ್ಳುವವರಿರುವುದೂ ನಿಜ.

ಕೆನಡಾದ ಬ್ರಿಟಿಷ್ ಕೊಲಂಬಿಯಾದ ಕೋಕಿಹಾಲಾ ಹೆದ್ದಾರಿಯಲ್ಲಿ ಹಿಮದ ನಡುವೆ ನಡೆಯುವ ಇಂತಹ ಕೆಲಸವನ್ನು ಚಿತ್ರಿಸಿದ 'ಹೈವೇ ಥ್ರೂ ಹೆಲ್' ಎಂಬ ದೂರದರ್ಶನ ಸರಣಿ 2012ರಿಂದ ಪ್ರಸಾರವಾಗಿ, ಈ ವೃತ್ತಿಯನ್ನು ಹೊರಗಿನವರಿಗೆ ಪರಿಚಯಿಸಿತು.

ಭಾರತದಲ್ಲಿ

ಭಾರತದಲ್ಲಿ 2018ರಲ್ಲಿ ಆಕ್ಸಲ್ ಭಾರಮಿತಿಗಳನ್ನು ಹೆಚ್ಚಿಸಿದಾಗ ಟ್ರೇಲರ್ ಸಹಿತ ವಾಹನದ ಗರಿಷ್ಠ ಒಟ್ಟು ತೂಕವು 49 ಟನ್‌ಗಳಿಂದ 55 ಟನ್‌ಗಳಿಗೆ ಏರಿತು. ಲಾರಿಗಳು ಭಾರವಾದಷ್ಟು ವೇಗವಾಗಿ ಅವುಗಳನ್ನು ಎತ್ತುವ ವ್ಯವಸ್ಥೆ ಬೆಳೆದಿಲ್ಲ. ಅಂಡರ್‌ಲಿಫ್ಟ್ ಹೊಂದಿದ ಭಾರಿ ರಿಕವರಿ ವಾಹನಗಳು ಇನ್ನೂ ವಿರಳವಾಗಿದ್ದು, ಹೆಚ್ಚಿನ ಕಡೆ ಕಟ್ಟಡ ಕಾಮಗಾರಿಗೆಂದು ತಯಾರಾದ 'ಹೈಡ್ರಾ' ಕ್ರೇನ್‌ಗಳು ಮತ್ತು ಮಣ್ಣು ಅಗೆಯುವ ಯಂತ್ರಗಳೇ ಈ ಕೆಲಸ ಮಾಡುತ್ತವೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ಇವು ಉಪಯುಕ್ತ. ಆದರೆ ಇಳಿಜಾರಿನಲ್ಲಿ, ಪಕ್ಕಕ್ಕೆ ಎಳೆಯುವ ಬಲ ಬಿದ್ದಾಗ ಹೈಡ್ರಾ ತಾನೇ ಮಗುಚಬಲ್ಲದು.

ಮೋಟಾರು ವಾಹನ ಕಾಯ್ದೆ 1988ರ 127ನೇ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಿಟ್ಟುಹೋದ ವಾಹನವನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ತೆರವುಗೊಳಿಸಲು ಆದೇಶಿಸಬಹುದು ಮತ್ತು ಅದರ ವೆಚ್ಚ ಮಾಲೀಕನದು. ಕೆಟ್ಟ ವಾಹನವನ್ನು ಎಳೆಯಲು ಅಥವಾ ಅದರ ಸರಕನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಲು ಬಳಸುವ ವಾಹನಕ್ಕೆ 66ನೇ ಕಲಮಿನಲ್ಲಿ ಪರ್ಮಿಟ್ ವಿನಾಯಿತಿ ಇದೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ನೆರವಿಗೆ 1033 ಸಂಖ್ಯೆಗೆ ಕರೆ ಮಾಡಬಹುದು. ಕೆಟ್ಟುನಿಂತ ಲಾರಿಯ ಹಿಂದೆ ಕಲ್ಲು, ಸೊಪ್ಪಿನ ಕೊಂಬೆ ಇಟ್ಟು ಎಚ್ಚರಿಸುವುದು ದೇಶದಾದ್ಯಂತ ಕಾಣುವ ರೂಢಿ. ಲಾರಿ ಹೊರಟ ಮೇಲೂ ರಸ್ತೆಯಲ್ಲೇ ಉಳಿಯುವ ಆ ಕಲ್ಲುಗಳು ರಾತ್ರಿ ಬೈಕ್ ಸವಾರರಿಗೆ ಮುಳುವಾಗುತ್ತವೆ. ಪ್ರತಿಫಲಿಸುವ ತ್ರಿಕೋನ ಫಲಕವೊಂದೇ ಇದಕ್ಕೆ ಸರಿಯಾದ ಬದಲಿ.

ಸೈನ್ಯದಲ್ಲಿ ಈ ಕೆಲಸವನ್ನು ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್ ದಳ ನಿರ್ವಹಿಸುತ್ತದೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಬಿಇಎಂಎಲ್ ಸಂಸ್ಥೆಯು ಸೈನ್ಯಕ್ಕಾಗಿ ಟಾಟ್ರಾ ಚಾಸಿಯ ಮೇಲಿನ ಭಾರಿ ರಿಕವರಿ ವಾಹನಗಳನ್ನು ಹಾಗೂ ಪೋಲೆಂಡ್ ಮೂಲದ ವಿನ್ಯಾಸದ, ಟ್ಯಾಂಕುಗಳನ್ನು ಎಳೆಯಬಲ್ಲ ಡಬ್ಲ್ಯೂಝಡ್‌ಟಿ-3 ವಾಹನಗಳನ್ನು ತಯಾರಿಸಿದೆ.

ಕರ್ನಾಟಕದಲ್ಲಿ ಈ ಕೆಲಸದ ಕಷ್ಟ ಹೆಚ್ಚು ಕಾಣುವುದು ಘಟ್ಟದ ರಸ್ತೆಗಳಲ್ಲಿ. ಮಂಗಳೂರು–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟಿಯಲ್ಲಿ ಒಂದು ಟ್ಯಾಂಕರ್ ತಿರುವಿನಲ್ಲಿ ಮಗುಚಿದರೆ ಎರಡೂ ಕಡೆ ಕಿಲೋಮೀಟರ್‌ಗಟ್ಟಲೆ ವಾಹನಗಳು ನಿಲ್ಲುತ್ತವೆ. ಆಗ ಕ್ರೇನ್ ಸಹ ಆ ಸಾಲಿನ ಹಿಂದೆಯೇ ಸಿಲುಕುತ್ತದೆ. ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ಬದಲಿ ದಾರಿಗಳೂ ಕಡಿಮೆ.

2024ರ ಮಳೆಗಾಲದಲ್ಲಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂತಹ ಎರಡು ದೊಡ್ಡ ಕಾರ್ಯಾಚರಣೆಗಳು ನಡೆದವು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಹಲವರು ಮೃತಪಟ್ಟರು. ಗಂಗಾವಳಿ ನದಿಗೆ ಕೊಚ್ಚಿಹೋದ ಅನಿಲ ಟ್ಯಾಂಕರ್ ಒಂದರಿಂದ ಅನಿಲವನ್ನು ಖಾಲಿ ಮಾಡಬೇಕಾಯಿತು. ಕೇರಳದ ಚಾಲಕನೊಬ್ಬನಿದ್ದ ಲಾರಿ ಮಾತ್ರ ಪತ್ತೆಯಾಗಲಿಲ್ಲ. ಉಕ್ಕಿ ಹರಿಯುವ ಕೆಂಪು ನೀರಿನಲ್ಲಿ ಮುಳುಗುಗಾರರಿಗೆ ಕೆಲಸ ಮಾಡುವುದು ಸಾಧ್ಯವಾಗದೆ ಶೋಧವನ್ನು ಹಲವು ಬಾರಿ ನಿಲ್ಲಿಸಲಾಯಿತು. ಈ ಶೋಧ ನಡೆದಿರುವಾಗಲೇ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಅದರ ಚಾಲಕನನ್ನು ರಕ್ಷಿಸಲಾಯಿತು ಮತ್ತು ಲಾರಿಯನ್ನು ಕೆಲವು ದಿನಗಳ ಬಳಿಕ ನದಿಯಿಂದ ಹೊರಗೆಳೆಯಲಾಯಿತು. ಶಿರೂರಿನಲ್ಲಿ ಮಳೆ ತಗ್ಗಿದ ಮೇಲೆ ಗೋವಾದಿಂದ ಹೂಳೆತ್ತುವ ಹಡಗನ್ನು ತರಿಸಿ ನದಿಯ ತಳದ ಮಣ್ಣನ್ನು ತೆಗೆಯಲಾಯಿತು. ಸೆಪ್ಟೆಂಬರ್ 25ರಂದು ಲಾರಿಯ ಕ್ಯಾಬಿನ್ ಪತ್ತೆಯಾಗಿ, ಕ್ರೇನ್ ಮೂಲಕ ಮೇಲೆತ್ತಿದಾಗ ಚಾಲಕನ ಅವಶೇಷ ಅದರೊಳಗೇ ಇತ್ತು. ಗುಡ್ಡ ಕುಸಿದ ದಿನದಿಂದ ಎಪ್ಪತ್ತು ದಿನಗಳಿಗೂ ಹೆಚ್ಚು ಕಾಲ ಕಳೆದಿತ್ತು.